ಬೆಟ್ಟದ ಮಣ್ಣು ಮತ್ತು ಕಡಲಿನ ಹವಳ

ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯವು ಕರ್ತವ್ಯಗೇಡಿ ಕುರುಬರನ್ನು ಕುರಿತದ್ದೆಂದು ನಾವೆಲ್ಲ ಬಲ್ಲೆವು. ಆದರೆ ಅಲ್ಲಿ ದೇವರ ಆಕ್ಷೇಪವು ಕುರುಬರೊಂದಿಗೆ ಮುಗಿಯುವುದಿಲ್ಲ. ಮಂದೆಯೊಳಗಿನ ಕೊಬ್ಬಿದ ಕುರಿಗಳ ಮೇಲೂ ತಿರುಗುತ್ತದೆ. ಅವು ಮುಂದೆ ನುಗ್ಗಿ ತಿಳಿನೀರನ್ನು ಕುಡಿಯುತ್ತವೆ. ಕುಡಿದು ಮಿಕ್ಕದ್ದನ್ನು ಕಾಲಿನಿಂದ ಕಲಕಿ ಕೆಸರು ಮಾಡುತ್ತವೆ. ಹಿಂದೆ ಬಂದ ಬಡಕಲು ಕುರಿಗಳಿಗೆ ಆ ಕೆಸರೇ ಗತಿ. ಇಲ್ಲಿ ನೀರು ಕುಡಿದದ್ದು ಅಪರಾಧವಲ್ಲ. ನೀರು ಎಲ್ಲ ಕುರಿಗಳಿಗೂ ಸೇರಿದ್ದು. ತಮ್ಮ ಹಿಂದೆ ಇನ್ನೂ ಬಾಯಾರಿದವರು ಇದ್ದಾರೆಂಬುದನ್ನು ಮರೆತದ್ದೇ ಅಪರಾಧ.

ಈ ದೃಷ್ಟಾಂತವು ಅಕ್ಷರಶಃ ನಿಜವಾಗುತ್ತಿರುವ ಒಂದು ಸ್ಥಳವಿದೆ. ಅದು ಬೆಟ್ಟದಿಂದ ಇಳಿದ ಮಳೆನೀರು ನದಿಯಾಗಿ ಹರಿದು ಕಡಲನ್ನು ಸೇರುವ ಜಾಗ. ಅದರಲ್ಲೂ ಆ ಕಡಲಿನಲ್ಲಿ ಹವಳದ ದಿಬ್ಬಗಳಿದ್ದರೆ, ಮೇಲಿನವರು ಕಲಕಿದ ಕೆಸರನ್ನು ಕೆಳಗಿನವರು ಹೇಗೆ ಕುಡಿಯಬೇಕಾಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಹವಳವೆಂದರೆ ಉಂಗುರದ ಕೆಂಪು ಕಲ್ಲು ಮಾತ್ರವೇ ನಮ್ಮ ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಹವಳವು ಒಂದು ಪ್ರಾಣಿ. ಹೂವಿನಂತೆ ತೋರುವ ಸಣ್ಣ ಸಣ್ಣ ಜೀವಿಗಳು ಗುಂಪುಗೂಡಿ, ಕಡಲನೀರಿನ ಸುಣ್ಣದಿಂದ ತಮಗೆ ಗೂಡು ಕಟ್ಟಿಕೊಳ್ಳುತ್ತವೆ. ಒಂದು ಪೀಳಿಗೆಯ ಗೂಡಿನ ಮೇಲೆ ಮುಂದಿನ ಪೀಳಿಗೆ ಕಟ್ಟುತ್ತದೆ. ಬಂಡೆಯಂತೆ ದಪ್ಪವಾಗಿ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತವೆ. ಆಳೆತ್ತರದ ಒಂದು ಹವಳದ ಬಂಡೆ ನಮ್ಮ ಮುತ್ತಜ್ಜನಿಗಿಂತ ಹಿರಿಯದಾಗಿರಬಹುದು. ಸಮುದ್ರತಳದ ಶೇಕಡಾ ಒಂದಕ್ಕಿಂತಲೂ ಕಡಿಮೆ ಭಾಗವನ್ನು ಆಕ್ರಮಿಸಿರುವ ಈ ದಿಬ್ಬಗಳನ್ನು ಕಡಲಿನ ಜೀವಜಾತಿಗಳ ಸುಮಾರು ನಾಲ್ಕನೆಯ ಒಂದು ಭಾಗವು ಆಶ್ರಯಿಸಿದೆ. ಮೀನು ಮೊಟ್ಟೆಯಿಡುವುದು, ಮರಿ ಬೆಳೆಯುವುದು, ದೊಡ್ಡ ಅಲೆಗಳು ದಡ ಮುಟ್ಟುವ ಮೊದಲೇ ಮುರಿಯುವುದು ಇಲ್ಲಿಯೇ.

ಈ ಜೀವಿಯ ಬದುಕು ಬೆಳಕನ್ನು ಅವಲಂಬಿಸಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಅವು ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತವೆ. ನೀರು ತಿಳಿಯಾಗಿದ್ದರೆ ಮಾತ್ರ ಈ ಸಹಬಾಳ್ವೆ ಸಾಧ್ಯ. ಮಣ್ಣು ತುಂಬಿದ ನೀರು ಬಂದಾಗ ಮೊದಲು ಬೆಳಕು ಕುಂದುತ್ತದೆ, ಪಾಚಿಯ ಅಡುಗೆ ನಿಲ್ಲುತ್ತದೆ. ಆಮೇಲೆ ಹೂಳು ಮೈಮೇಲೆ ಕೂರುತ್ತದೆ. ಅದನ್ನು ಕೊಡವಿಕೊಳ್ಳಲು ಹವಳವು ಲೋಳೆಯನ್ನು ಸುರಿಸುತ್ತದೆ. ಬೆಳೆಯಲು ಬೇಕಾದ ಶಕ್ತಿಯೆಲ್ಲ ಮೈ ತೊಳೆದುಕೊಳ್ಳುವುದಕ್ಕೆ ವ್ಯಯವಾಗುತ್ತದೆ. ಹೂಳು ಹೆಚ್ಚಾದರೆ ಉಸಿರುಗಟ್ಟಿ ಸಾಯುತ್ತದೆ. ಇನ್ನೂ ಒಂದು ಕೇಡು ಇದೆ: ನೀರಿನಲ್ಲಿ ತೇಲಿಬರುವ ಹವಳದ ಮರಿಗಳು ಗಟ್ಟಿ ನೆಲದ ಮೇಲಲ್ಲದೆ ಬೇರೂರವು. ಕೆಸರಿನ ಹಾಸಿನ ಮೇಲೆ ಅವಕ್ಕೆ ನೆಲೆಯಿಲ್ಲ. ಹೀಗೆ ಇದ್ದ ಹವಳ ಸಾಯುತ್ತದೆ, ಹೊಸದು ಹುಟ್ಟುವುದೂ ನಿಲ್ಲುತ್ತದೆ. ಒಮ್ಮೆ ತಳ ಸೇರಿದ ನಯವಾದ ಹೂಳು ಅಲ್ಲಿಯೇ ಇರುವುದೂ ಇಲ್ಲ. ಗಾಳಿ ಎದ್ದಾಗಲೆಲ್ಲ ಮತ್ತೆ ಮೇಲೆದ್ದು ನೀರನ್ನು ಕದಡುತ್ತಲೇ ಇರುತ್ತದೆ.

ಸೃಷ್ಟಿಕರ್ತನು ಇದಕ್ಕೆ ರಕ್ಷಣೆಯನ್ನೂ ಒದಗಿಸಿದ್ದಾನೆ. ಬೆಟ್ಟದ ಮೇಲಿನ ಕಾಡು ಮಳೆಯ ಹೊಡೆತವನ್ನು ತಡೆಯುತ್ತದೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಅಲ್ಲಿಂದ ತಪ್ಪಿಸಿಕೊಂಡ ಮಣ್ಣನ್ನು ಹೊಳೆದಂಡೆಯ ಪೊದೆಗಳು, ತಗ್ಗಿನ ಗದ್ದೆಬಯಲುಗಳು ಸೋಸುತ್ತವೆ. ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರುಗಳು ಕೆಸರನ್ನು ಬಂಧಿಸುತ್ತವೆ. ಅದರಾಚೆ ಕಡಲಹುಲ್ಲಿನ ಹಾಸು ಉಳಿದುದನ್ನು ಇಳಿಸಿಕೊಳ್ಳುತ್ತದೆ. ಇಷ್ಟೆಲ್ಲ ಜರಡಿಗಳನ್ನು ದಾಟಿ ಬರುವ ನೀರಿನಲ್ಲಿ ಹವಳ ಬದುಕುತ್ತದೆ. ನಾವು ಮಾಡುತ್ತಿರುವುದು ಈ ಜರಡಿಗಳನ್ನು ಒಂದೊಂದಾಗಿ ಹರಿದುಹಾಕುವ ಕೆಲಸ.

ಪಾಲವಾನಿನ ಪಾಠ

ಫಿಲಿಪ್ಪೀನ್ಸ್ ದೇಶದ ಪಶ್ಚಿಮದ ಅಂಚಿನಲ್ಲಿ ಪಾಲವಾನ್ ಎಂಬ ಉದ್ದವಾದ, ಕಿರಿದಾದ ದ್ವೀಪವಿದೆ. ಅದರ ಉತ್ತರ ತುದಿಯ ಎಲ್ ನಿಡೊ ಪಟ್ಟಣದೆದುರು ಬಾಕ್ವಿತ್ ಎಂಬ ಕೊಲ್ಲಿ; ಸುಣ್ಣಕಲ್ಲಿನ ಕಡಿದಾದ ಬಂಡೆಗಳು, ಅವುಗಳ ಬುಡದಲ್ಲಿ ಹವಳದ ದಿಬ್ಬಗಳು. ಅಲ್ಲಿನ ಜನ ಮೀನುಗಾರಿಕೆಯಿಂದ ಬದುಕುತ್ತಿದ್ದರು. ಪ್ರವಾಸೋದ್ಯಮವು ಆಗತಾನೇ ಕಣ್ಣು ಬಿಡುತ್ತಿತ್ತು. 1985ರಲ್ಲಿ ಕೊಲ್ಲಿಯ ಸುತ್ತಲಿನ ಬೆಟ್ಟಗಳಲ್ಲಿ ನಾಟಾಕ್ಕಾಗಿ ಮರ ಕಡಿಯುವ ಕೆಲಸ ಆರಂಭವಾಯಿತು. ಮಳೆ ಬಂದಾಗ ಹೊಳೆಗಳು ಮಣ್ಣಿನ ಬಣ್ಣ ತಳೆದು ಕೊಲ್ಲಿಗೆ ಇಳಿದವು.

ಗ್ರೆಗರ್ ಹಾಡ್ಜ್‌ಸನ್ ಎಂಬ ಹವಳ ವಿಜ್ಞಾನಿಯೂ ಜಾನ್ ಡಿಕ್ಸನ್ ಎಂಬ ಅರ್ಥಶಾಸ್ತ್ರಜ್ಞರೂ ಕೂಡಿ ಅಲ್ಲಿ ನಡೆಸಿದ ಅಧ್ಯಯನವು 1988ರಲ್ಲಿ ಪ್ರಕಟವಾಯಿತು. ಅವರು ಬೆಟ್ಟದಲ್ಲಿ ಮಣ್ಣಿನ ಸವೆತವನ್ನೂ ಹೊಳೆಯಲ್ಲಿ ಹೂಳನ್ನೂ ಕಡಲಿನಲ್ಲಿ ಹವಳದ ಸಾವನ್ನೂ ಒಟ್ಟಿಗೆ ಅಳೆದರು. ಆಗ ಕಂಡ ಸಂಗತಿ ಗಮನಾರ್ಹವಾದದ್ದು. ಮರ ಕಡಿದ ಕಾಡಿನಲ್ಲಿ ಸವೆತ ಹೆಚ್ಚಿತ್ತು, ನಿಜ. ಆದರೆ ನಾಟಾ ಸಾಗಿಸಲು ಇಳಿಜಾರಿನಲ್ಲಿ ಕಡಿದ ಕಚ್ಚಾರಸ್ತೆಗಳಲ್ಲಿ ಸವೆತವು ಕಡಿಯದ ಕಾಡಿನ ಇನ್ನೂರು ಪಟ್ಟಿಗೂ ಮೀರಿತ್ತು. ಕೇಡಿನ ಬಹುಪಾಲು ಕೊಡಲಿಗಿಂತ ರಸ್ತೆಯಿಂದಲೇ ಬಂದಿತ್ತು. ಭೂಮಿಯನ್ನು ಬಳಸಿದೆವೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಲ್ಲ. ಎಲ್ಲಿ, ಯಾವ ಇಳಿಜಾರಿನಲ್ಲಿ, ಯಾವ ರೀತಿಯಲ್ಲಿ ಬಳಸಿದೆವು ಎಂಬುದೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಆ ವಿದ್ವಾಂಸರು ಲೆಕ್ಕವನ್ನೂ ಮುಂದಿಟ್ಟರು. ಮರ ಕಡಿತವನ್ನು ನಿಲ್ಲಿಸಿದರೆ ಹತ್ತು ವರ್ಷಗಳಲ್ಲಿ ಮೀನುಗಾರಿಕೆ ಮತ್ತು ಪ್ರವಾಸೋದ್ಯಮಗಳಿಂದ ಬರುವ ಒಟ್ಟು ಆದಾಯ ಸುಮಾರು 7.5 ಕೋಟಿ ಡಾಲರ್. ಕಡಿತ ಮುಂದುವರಿದರೆ ನಾಟಾದ ಹಣವನ್ನೂ ಸೇರಿಸಿ ಬರುವುದು ಸುಮಾರು 3.4 ಕೋಟಿ ಮಾತ್ರ. ಹಣದ ದೃಷ್ಟಿಯಿಂದಲೇ ನೋಡಿದರೂ ಬೆಟ್ಟವನ್ನು ಬೋಳಿಸುವುದು ನಷ್ಟದ ವ್ಯಾಪಾರ. ಹಾಗಾದರೆ ಅದು ನಡೆದದ್ದೇಕೆ? ಲಾಭ ಒಬ್ಬರ ಕೈಗೆ, ನಷ್ಟ ಇನ್ನೊಬ್ಬರ ತಲೆಗೆ ಬೀಳುತ್ತಿದ್ದುದರಿಂದ. ನಾಟಾದ ಗುತ್ತಿಗೆದಾರನ ಖಾತೆಪುಸ್ತಕದಲ್ಲಿ ಬೆಸ್ತನ ಬರಿಬಲೆಗೆ ಪುಟವಿರಲಿಲ್ಲ. ಯೆಹೆಜ್ಕೇಲನು ಕಂಡ ಕೊಬ್ಬಿದ ಕುರಿ ಇದೇ.

ಅದೇ 1988ರ ಜನವರಿ 29ರಂದು ಫಿಲಿಪ್ಪೀನ್ಸಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ತಮ್ಮ ಸುಂದರ ನಾಡಿಗೆ ಏನಾಗುತ್ತಿದೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಒಂದು ಪಾಲನಾ ಪತ್ರವನ್ನು ಹೊರಡಿಸಿತು. ಕಾಡು, ಹೊಳೆ, ಕಡಲುಗಳ ನಾಶವನ್ನು ಧರ್ಮದ ಪ್ರಶ್ನೆಯೆಂದೇ ಅದು ಪರಿಗಣಿಸಿತು. ವರ್ಣಮಯವಾಗಿದ್ದ ಕಡಲಿನ ತಳವನ್ನು ಸ್ಮಶಾನವಾಗಿಸಿದವರು ಯಾರೆಂದು ಕೇಳಿತು. ಇಪ್ಪತ್ತೇಳು ವರ್ಷಗಳ ತರುವಾಯ, 2015ರಲ್ಲಿ, ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ತಮ್ಮ ‘ಲೌದಾತೊ ಸಿ’ ವಿಶ್ವಪತ್ರದ 41ನೆಯ ಪರಿಚ್ಛೇದದಲ್ಲಿ ಹವಳದ ದಿಬ್ಬಗಳ ದುರವಸ್ಥೆಯನ್ನು ವಿವರಿಸುವಾಗ ಇದೇ ಪತ್ರವನ್ನು ಉಲ್ಲೇಖಿಸಿದರು. ಒಂದು ಬಡ ರಾಷ್ಟ್ರದ ಧರ್ಮಸಭೆಯ ಧ್ವನಿ ಹೀಗೆ ವಿಶ್ವ ಧರ್ಮಸಭೆಯ ಬೋಧನೆಯ ಭಾಗವಾಯಿತು.

ನ್ಯಾಯಾಲಯವೂ ಸುಮ್ಮನಿರಲಿಲ್ಲ. ಮರ ಕಡಿಯುವ ಪರವಾನಗಿಗಳನ್ನು ರದ್ದುಪಡಿಸಬೇಕೆಂದು ಮಕ್ಕಳ ಹೆಸರಿನಲ್ಲಿ ಹೂಡಿದ ದಾವೆಯೊಂದರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು 1993ರ ಜುಲೈ 30ರಂದು ತೀರ್ಪಿತ್ತು, ಈಗಿನ ಮಕ್ಕಳು ತಮ್ಮ ಪರವಾಗಿ ಮಾತ್ರವಲ್ಲ, ಇನ್ನೂ ಹುಟ್ಟದ ಪೀಳಿಗೆಗಳ ಪರವಾಗಿಯೂ ನ್ಯಾಯ ಕೇಳಬಹುದೆಂದು ಒಪ್ಪಿತು. ಮಂದೆಯ ಹಿಂದಿನ ಸಾಲಿನಲ್ಲಿ ಇನ್ನೂ ಹುಟ್ಟದ ಕುರಿಗಳೂ ಇವೆಯೆಂದು ನ್ಯಾಯಪೀಠವು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ.

ಗೆರೆಯನ್ನು ಎಲ್ಲಿ ಎಳೆಯಬೇಕು?

ಪಾಲವಾನಿನ ಕಥೆಯಲ್ಲಿ ನಮಗೆ ಹೆಚ್ಚು ಉಪಯುಕ್ತವಾದ ಭಾಗ ಇನ್ನು ಮುಂದಿನದು. 1992ರ ಜೂನ್ ತಿಂಗಳಲ್ಲಿ ಆ ದ್ವೀಪಕ್ಕಾಗಿಯೇ ಒಂದು ಪ್ರತ್ಯೇಕ ಕಾನೂನು ಜಾರಿಗೆ ಬಂದಿತು. ಸಮುದ್ರವನ್ನು ಕಾಯಬೇಕಾದರೆ ಸಮುದ್ರದಲ್ಲಿ ಬೇಲಿ ಹಾಕಿ ಪ್ರಯೋಜನವಿಲ್ಲ, ಬೆಟ್ಟದ ನೆತ್ತಿಯಿಂದಲೇ ಆರಂಭಿಸಬೇಕು ಎಂಬುದು ಅದರ ತಿರುಳು. ಬೆಟ್ಟದ ಶಿಖರಗಳು, ಕಡಿದಾದ ಇಳಿಜಾರುಗಳು, ಹಳೆಯ ಕಾಡುಗಳು ಮುಟ್ಟಬಾರದ ವಲಯ. ಅದರ ಸುತ್ತ ಮಿತವಾದ ಬಳಕೆಗೆ ಮಾತ್ರ ಅವಕಾಶವಿರುವ ವಲಯಗಳು. ಕೆಳಗಿನ ತಗ್ಗಿನಲ್ಲಿ ಬೇಸಾಯ, ವಸತಿ, ಉದ್ಯಮಗಳಿಗೆ ಜಾಗ. ಅದರಾಚೆ ಕಾಂಡ್ಲಾವನ, ಕಡಲಹುಲ್ಲು, ಹವಳಗಳ ಕಡಲವಲಯ. ಹೀಗೆ ನೆತ್ತಿಯಿಂದ ತಳದವರೆಗೆ ಎಲ್ಲವೂ ಒಂದೇ ನಕ್ಷೆಯಲ್ಲಿ. ವಾಣಿಜ್ಯ ನಾಟಾ ಕಡಿತಕ್ಕೂ ಆ ದಿನಗಳಲ್ಲಿಯೇ ತಡೆ ಬಿದ್ದಿತು.

ಭೂಬಳಕೆಯ ಯೋಜನೆ ಎಂದರೆ ಇಷ್ಟೇ: ಯಾವ ನೆಲ ಯಾವ ಕೆಲಸಕ್ಕೆ ಯೋಗ್ಯವೆಂಬುದನ್ನು ಕೆಲಸ ಆರಂಭವಾಗುವ ಮೊದಲೇ ಎಲ್ಲರೂ ಕೂಡಿ ನಿರ್ಧರಿಸುವುದು. ಇಳಿಜಾರಿನಲ್ಲಿ ರಸ್ತೆ ಬೇಕೇ ಬೇಕೆಂದಾದರೆ ಬೆಟ್ಟದ ಅಡ್ಡಲಾಗಿ, ಸಮಮಟ್ಟದ ಗೆರೆಯನ್ನನುಸರಿಸಿ ತೆಗೆಯುವುದು. ಮಣ್ಣು ಅಗೆಯುವ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿ ಹುಲ್ಲು ಹೊದಿಸುವುದು. ಹೊಳೆಯ ಎರಡೂ ದಂಡೆಗಳಲ್ಲಿ ಗಿಡಮರಗಳ ಪಟ್ಟಿಯನ್ನು ಬಿಡುವುದು. ಕಾಮಗಾರಿಯ ಕೆಳಗೆ ಹೂಳು ತಂಗುವ ಗುಂಡಿಗಳನ್ನು ತೋಡುವುದು. ಕಾಂಡ್ಲಾ ಕಡಿದು ಜಾಗ ಮಾಡದಿರುವುದು. ಇವುಗಳಲ್ಲಿ ಯಾವುದೂ ದೊಡ್ಡ ವಿಜ್ಞಾನವಲ್ಲ. ನಮ್ಮ ಹಿರಿಯರು ಗದ್ದೆಗೆ ಅಂಚು ಕಟ್ಟುವಾಗ, ತೋಟಕ್ಕೆ ಅಗಳು ತೋಡುವಾಗ ಇದನ್ನೇ ಮಾಡಿದ್ದರು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಬೆಟ್ಟವನ್ನು ಮುಟ್ಟಬಾರದೆಂದು ನಕ್ಷೆಯಲ್ಲಿ ಗೆರೆ ಎಳೆದ ಕೂಡಲೇ ಮೊದಲು ಹೊರಬೀಳುವವರು ಬೆಟ್ಟದ ಬಡವರು. ಪಾಲವಾನಿನ ಕಾಡುಗಳಲ್ಲಿ ಬಾಟಾಕ್, ತಗ್ಬನ್ವಾ ಮೊದಲಾದ ಮೂಲನಿವಾಸಿಗಳು ತಲೆಮಾರುಗಳಿಂದ ಇದ್ದಾರೆ. ಕಾಡಿನ ತುಂಡೊಂದನ್ನು ಸುಟ್ಟು ಬಿತ್ತಿ, ಮತ್ತೆ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುವ ಬೇಸಾಯ ಅವರದು. ಗುತ್ತಿಗೆದಾರನು ಬುಲ್ಡೋಜರಿನಿಂದ ಮಾಡಿದ ಕೇಡಿಗೆ ಅವರನ್ನು ಹೊಣೆಯಾಗಿಸುವುದು ಸುಲಭ, ಆದರೆ ಅನ್ಯಾಯ. 1992ರ ಕಾನೂನು ಅವರ ಪಾರಂಪರಿಕ ಭೂಮಿಗೆ ಪ್ರತ್ಯೇಕ ಸ್ಥಾನ ನೀಡಿದ್ದು ಈ ದೃಷ್ಟಿಯಿಂದ ಯೋಗ್ಯವಾದದ್ದು. ಭೂಮಿಯ ಆರ್ತನಾದವನ್ನೂ ಬಡವರ ಆರ್ತನಾದವನ್ನೂ ಬೇರ್ಪಡಿಸಲಾಗದೆಂಬುದೇ ಧರ್ಮಸಭೆಯ ಬೋಧನೆ.

ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ಭಾವಿಸಬೇಕಾಗಿಲ್ಲ. ಕಡಲನ್ನು ಉಳಿಸಿದರೆ ಬರುವರೆಂದು ಲೆಕ್ಕಹಾಕಿದ್ದ ಪ್ರವಾಸಿಗರು ಲೆಕ್ಕ ಮೀರಿ ಬಂದರು. 2018ರ ಹೊತ್ತಿಗೆ ಎಲ್ ನಿಡೊದ ಕಡಲಿಗೆ ಹೊಲಸುನೀರು ಸೇರುತ್ತಿದೆಯೆಂಬ ದೂರು ಬಲವಾಗಿ, ದಡಕ್ಕೆ ಒತ್ತಿ ಕಟ್ಟಿದ ಕಟ್ಟಡಗಳನ್ನು ತೆರವುಗೊಳಿಸಲು ಸರ್ಕಾರವೇ ಮುಂದಾಗಬೇಕಾಯಿತು. ದ್ವೀಪದ ದಕ್ಷಿಣ ಭಾಗದಲ್ಲಿ ನಿಕ್ಕಲ್ ಗಣಿಗಾರಿಕೆ ನಡೆಯುತ್ತದೆ. ನಿಕ್ಕಲ್ ಅದಿರು ಸಿಗುವುದು ನಮ್ಮ ಕರಾವಳಿಯಲ್ಲಿ ಕಾಣುವಂಥ ಕೆಂಪು ಮುರಮಣ್ಣಿನಲ್ಲಿ. ಮೇಲಿನ ಕಾಡನ್ನು ಸುಲಿದೇ ಅದನ್ನು ತೆಗೆಯಬೇಕು. ಪಾಲವಾನಿನ ಧರ್ಮಾಧ್ಯಕ್ಷರು ಇದರ ವಿರುದ್ಧ ಧ್ವನಿಯೆತ್ತಿದರು. 2025ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಪ್ರಾಂತೀಯ ಸಭೆಯು ಹೊಸ ಗಣಿಗಳಿಗೆ 50 ವರ್ಷಗಳ ಕಾಲ ಅನುಮತಿ ಕೊಡಕೂಡದೆಂದು ತೀರ್ಮಾನಿಸಿತು. ಮೂವತ್ತೇಳು ವರ್ಷಗಳ ಹಿಂದಿನ ಪಾಲನಾ ಪತ್ರದ ಕೆಲಸ ಇನ್ನೂ ನಡೆಯುತ್ತಿದೆ ಎಂದೇ ಇದರರ್ಥ.

ಹವಳವೇ ಬರೆದಿಟ್ಟ ದಾಖಲೆ

ಬೆಟ್ಟದಲ್ಲಿ ಮಾಡಿದ ಕೆಲಸ ಕಡಲಿನಲ್ಲಿ ದಾಖಲಾಗುತ್ತದೆಂಬುದಕ್ಕೆ ಆಸ್ಟ್ರೇಲಿಯದಿಂದ ಬಲವಾದ ಸಾಕ್ಷ್ಯ ದೊರೆತಿದೆ. ಮರದ ಕಾಂಡದಲ್ಲಿ ವರ್ಷದ ಉಂಗುರಗಳಿರುವಂತೆ ಹವಳದ ಬಂಡೆಯಲ್ಲೂ ವರ್ಷಕ್ಕೊಂದು ಪದರವಿರುತ್ತದೆ. ನದಿಯ ಮಣ್ಣಿನೊಂದಿಗೆ ಬರುವ ಬೇರಿಯಂ ಎಂಬ ಧಾತುವು ಆಯಾ ವರ್ಷದ ಪದರದಲ್ಲಿ ಸೇರಿಕೊಳ್ಳುತ್ತದೆ. ಕ್ವೀನ್ಸ್‌ಲ್ಯಾಂಡ್ ತೀರದ ಮಹಾ ಹವಳದ ದಿಬ್ಬಸಾಲಿನಿಂದ ಕೊರೆದು ತೆಗೆದ ಇಂಥ ಪದರಗಳನ್ನು ಓದಿದ ವಿಜ್ಞಾನಿಗಳು 2003ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಸುಮಾರು 1870ರವರೆಗೆ ತಕ್ಕಮಟ್ಟಿಗೆ ಶಾಂತವಾಗಿದ್ದ ದಾಖಲೆಯಲ್ಲಿ, ಐರೋಪ್ಯ ವಲಸಿಗರು ಬರ್ಡೆಕಿನ್ ನದಿಯ ಜಲಾನಯನ ಪ್ರದೇಶದಲ್ಲಿ ದನಗಳನ್ನು ಮೇಯಿಸತೊಡಗಿದ ಬಳಿಕ, ಪ್ರವಾಹದೊಂದಿಗೆ ಬರುವ ಹೂಳು ಐದರಿಂದ ಹತ್ತು ಪಟ್ಟು ಏರಿದ್ದು ಕಂಡುಬಂದಿತು. ಹುಲ್ಲು ಮೇಯಿಸಿದವರಲ್ಲಿ ಅನೇಕರು ಆ ದಿಬ್ಬವನ್ನು ಕಣ್ಣಿನಿಂದ ಕಂಡಿರಲಾರರು. ಆದರೂ ಅವರ ದನಗಳ ಗೊರಸಿನ ಲೆಕ್ಕ ಕಡಲಿನ ತಳದಲ್ಲಿ ಬರೆದಿಟ್ಟಿತ್ತು.

ಕಡಲೇ ಕಾಯುತ್ತಿರುವಾಗ ಮಣ್ಣನ್ನು ತಡೆದು ಏನು ಫಲವೆಂದು ಕೆಲವರು ಕೇಳಬಹುದು. ಬಿಸಿಯೇರಿದ ನೀರಿನಲ್ಲಿ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಜಗತ್ತಿನಾದ್ಯಂತ ಇಂಥ ನಾಲ್ಕನೆಯ ವ್ಯಾಪಕ ಬಿಳಿಚುವಿಕೆ ಆರಂಭವಾಗಿದೆಯೆಂದು 2024ರ ಏಪ್ರಿಲ್ ತಿಂಗಳಲ್ಲಿ ವಿಜ್ಞಾನಿಗಳು ಘೋಷಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಜ್ವರದಿಂದ ಬಳಲುವವನಿಗೆ ಶುದ್ಧ ನೀರು ಕೊಡುವುದು ವ್ಯರ್ಥವೆಂದು ಯಾವ ತಾಯಿಯೂ ಹೇಳುವುದಿಲ್ಲ. ಬಿಸಿಯಿಂದ ಸತ್ತ ಜಾಗದಲ್ಲಿ ಹೊಸ ಹವಳದ ಮರಿಗಳು ನೆಲೆಯೂರಬೇಕಾದರೆ ನೆಲ ಹೂಳಿಲ್ಲದೆ ಇರಬೇಕು. ಭೂಮಿಯ ತಾಪವನ್ನು ತಗ್ಗಿಸಲು ಎಲ್ಲ ರಾಷ್ಟ್ರಗಳೂ ಒಪ್ಪಬೇಕು. ಒಂದು ಹೊಳೆಯ ಕೆಸರನ್ನು ತಗ್ಗಿಸಲು ಆ ಹೊಳೆಯ ಜನ ಒಪ್ಪಿದರೆ ಸಾಕು.

ವಿವೇಕವೆಂಬ ಸದ್ಗುಣ

ತತ್ತ್ವಶಾಸ್ತ್ರದಲ್ಲಿ ಸಮೀಪದ ಕಾರಣ, ದೂರದ ಕಾರಣ ಎಂಬ ವಿಂಗಡಣೆಯಿದೆ. ಹವಳ ಸತ್ತದ್ದಕ್ಕೆ ಸಮೀಪದ ಕಾರಣ ಹೂಳು. ಹೂಳಿಗೆ ಕಾರಣ ಪ್ರವಾಹ, ಪ್ರವಾಹದ ಕೆಸರಿಗೆ ಕಾರಣ ಬೋಳುಬೆಟ್ಟ, ಬೋಳುಬೆಟ್ಟಕ್ಕೆ ಕಾರಣ ಯಾವುದೋ ಕಛೇರಿಯಲ್ಲಿ ಬಿದ್ದ ಒಂದು ರುಜು. ನಮ್ಮ ಅಂತಃಸಾಕ್ಷಿ ಸಮೀಪದ ಕಾರಣಕ್ಕೆ ಥಟ್ಟನೆ ಎಚ್ಚರಗೊಳ್ಳುತ್ತದೆ. ದೂರದ ಕಾರಣಕ್ಕೆ ನಿದ್ರಿಸುತ್ತದೆ. ಕಣ್ಣೆದುರು ಒಬ್ಬನ ಬಾವಿಗೆ ಮಣ್ಣು ಸುರಿಯಲು ಹಿಂಜರಿಯುವವನು, ಮೂವತ್ತು ಮೈಲಿ ದೂರದ ಕಡಲಿಗೆ ಬೆಟ್ಟವನ್ನೇ ಸುರಿದರೂ ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಳ್ಳುವುದಿಲ್ಲ.

ಈ ನಿದ್ರೆಗೆ ಮದ್ದಾಗಿಯೇ ಸಂತ ಥಾಮಸ್ ಅಕ್ವಿನಾಸರು ವಿವೇಕವನ್ನು ವಿವರಿಸುತ್ತಾರೆ. ವಿವೇಕದ ಅಂಗಗಳಲ್ಲಿ ದೂರದೃಷ್ಟಿಯೇ ಪ್ರಧಾನವೆಂಬುದು ಅವರ ಮತ. ಮುಂದೆ ಬರಲಿರುವುದನ್ನು ಈಗಲೇ ಕಂಡು ಈಗಿನ ಕೆಲಸವನ್ನು ತಿದ್ದಿಕೊಳ್ಳುವುದು ಅದರ ಲಕ್ಷಣ. ಭೂಬಳಕೆಯ ಯೋಜನೆಯೆಂಬುದು ಒಂದು ಸಮಾಜವು ಒಟ್ಟಾಗಿ ಆಚರಿಸುವ ವಿವೇಕ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಸಮಾರ್ಯದವನು ನಿಂತನು, ಕಂಡದ್ದರಿಂದ ನಿಂತನು. ನಮ್ಮ ಕೆಲಸದಿಂದ ಗಾಯಗೊಳ್ಳುವ ನೆರೆಯವನು ಹೊಳೆಯ ಕೆಳಗೆ, ನಮ್ಮ ಕಣ್ಣಳತೆಯ ಆಚೆ ಇದ್ದಾನೆ. ಅವನನ್ನು ಕಾಣುವಂತೆ ಮಾಡುವುದೇ ಯೋಜನೆಯ ಉದ್ದೇಶ.

ಇದು ಫಿಲಿಪ್ಪೀನ್ಸಿನವರ ಪಾಡೆಂದು ಪುಟ ತಿರುವುವ ಹಾಗಿಲ್ಲ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲಕ್ಷದ್ವೀಪದಂತೆ ನಮ್ಮ ಕರಾವಳಿಯಲ್ಲಿ ವಿಶಾಲವಾದ ದಿಬ್ಬಗಳು ಬೆಳೆಯದಿರುವುದಕ್ಕೆ ಮಳೆಗಾಲದಲ್ಲಿ ನಮ್ಮ ನದಿಗಳು ಸುರಿಯುವ ಸಿಹಿನೀರು ಮತ್ತು ಹೂಳು ಒಂದು ಕಾರಣ. ಇರುವ ಅಲ್ಪವನ್ನಾದರೂ ಉಳಿಸಿಕೊಳ್ಳುವುದು ನಮ್ಮ ಹೊಣೆ. 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಪರಿಷ್ಕೃತವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹವಳ, ಕಾಂಡ್ಲಾಗಳಿಗೆ ಹೆಚ್ಚಿನ ರಕ್ಷಣೆ ನೀಡುತ್ತದೆ. ಆದರೆ ಅದರ ಗೆರೆ ದಡದಿಂದ ಅಳೆದದ್ದು. ಮಣ್ಣು ಬರುವುದು ಘಟ್ಟದ ಇಳಿಜಾರಿನಿಂದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವು ಕುಸಿದು ಗಂಗಾವಳಿ ನದಿಗೆ ಬಿದ್ದಾಗ ಹಲವರು ಪ್ರಾಣ ಕಳೆದುಕೊಂಡರು. ಇಳಿಜಾರಿಗೆ ಮಾಡಿದ ಗಾಯದ ಫಲವನ್ನು ಮೊದಲು ಉಣ್ಣುವವರು ಮನುಷ್ಯರೇ. ಕಡಲಿನ ಸರದಿ ಆಮೇಲೆ, ಸದ್ದಿಲ್ಲದೆ ಬರುತ್ತದೆ.

ನಮ್ಮ ಧರ್ಮಕೇಂದ್ರಗಳು ಇಲ್ಲಿ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ದೇವಾಲಯ, ಶಾಲೆ, ಆಸ್ಪತ್ರೆ, ಮಠಗಳಿಗಾಗಿ ಗುಡ್ಡ ಸಮತಟ್ಟು ಮಾಡುವುದು ನಮ್ಮಲ್ಲಿಯೂ ಸಾಮಾನ್ಯ. ನಕ್ಷೆಗೆ ಮಂಜೂರಾತಿ ಸಿಕ್ಕಿತೇ ಎಂದು ಪಾಲನಾ ಪರಿಷತ್ತಿನಲ್ಲಿ ಕೇಳುವಾಗಲೇ, ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ, ಮಳೆಗೆ ಮುಂಚೆ ಕೆಲಸ ಮುಗಿಯುತ್ತದೆಯೇ, ಕೆಳಗಿನ ತೋಡಿನ ಬದಿಯಲ್ಲಿ ಯಾರ ಮನೆಯಿದೆ, ಯಾರ ಗದ್ದೆಯಿದೆ ಎಂದೂ ಕೇಳಬೇಕು. ಗ್ರಾಮಸಭೆಯಲ್ಲಿ ಕಲ್ಲುಕೋರೆಯ ಪ್ರಸ್ತಾಪ ಬಂದಾಗ, ಹೊಸ ಬಡಾವಣೆಯ ನಕ್ಷೆ ಸಾರ್ವಜನಿಕ ಆಕ್ಷೇಪಣೆಗೆ ಬಂದಾಗ ನಮ್ಮ ಜನ ಹಾಜರಿರಬೇಕು. ಬೆಟ್ಟದ ತಪ್ಪಲಿನ ಧರ್ಮಕೇಂದ್ರವೂ ಕಡಲತಡಿಯ ಧರ್ಮಕೇಂದ್ರವೂ ಒಂದೇ ಹೊಳೆಯ ಮಕ್ಕಳಾಗಿ ವರ್ಷಕ್ಕೊಮ್ಮೆಯಾದರೂ ಕೂಡಿ ಮಾತನಾಡಿದರೆ, ಮೇಲಿನವರಿಗೆ ಕೆಳಗಿನವರ ಮುಖ ಪರಿಚಯವಾದೀತು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸ್ ಅಸ್ಸಿಸಿಯವರ ಹಬ್ಬದವರೆಗೆ ಧರ್ಮಸಭೆಯು ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಅದರ ನಡುವೆ, ಸೆಪ್ಟೆಂಬರ್ 8ರಂದು, ನಮ್ಮ ಕರಾವಳಿಯ ಕಥೋಲಿಕರು ಮಾತೆ ಮರಿಯಳ ಜನ್ಮದಿನದ ತೆನೆಹಬ್ಬವನ್ನು ಕೊಂಡಾಡುತ್ತಾರೆ. ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ದು ಎಲ್ಲರೂ ಹಂಚಿ ಉಣ್ಣುತ್ತಾರೆ. ಆ ತೆನೆ ಬಂದದ್ದು ಗದ್ದೆಯಲ್ಲಿ ನಿಂತ ಮಣ್ಣಿನಿಂದ. ಅದೇ ಮಣ್ಣು ಹರಿದು ಕಡಲಿಗೆ ಹೋದರೆ ಇಲ್ಲಿ ತೆನೆಯೂ ಇಲ್ಲ, ಅಲ್ಲಿ ಮೀನೂ ಇಲ್ಲ. ಈ ಬಾರಿ ತೆನೆಯನ್ನು ಕೈಗೆ ತೆಗೆದುಕೊಳ್ಳುವಾಗ ನಮ್ಮ ಊರಿನ ಹೊಳೆಯ ಬಣ್ಣವನ್ನೂ ಒಮ್ಮೆ ನೋಡೋಣ. ಅದು ಕೆಂಪಾಗಿದ್ದರೆ, ಮೇಲೆ ಯಾರೋ ನೀರನ್ನು ಕಲಕಿದ್ದಾರೆ. ಆ ‘ಯಾರೋ’ ನಾವೇ ಆಗಿರಲೂಬಹುದು.